ಎರಡು ಸಂಸ್ಥೆಗಳ ನಡುವೆ ನಮ್ಮ ಡ್ರ್ಯಾಗ್ ರೇಸಿಂಗ್ ಕ್ಲಬ್: ಅನುಭವವಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ

ನಮಸ್ಕಾರ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಒಂದು ಚಿಕ್ಕ ಡ್ರ್ಯಾಗ್ ರೇಸಿಂಗ್ (ನೇರ ಟ್ರ್ಯಾಕಿನಲ್ಲಿ ಎರಡು ಕಾರುಗಳ ವೇಗದ ಓಟ) ಕ್ಲಬ್ಬಿಗೆ ಈ ವರ್ಷ ನನ್ನನ್ನು ಕಾರ್ಯದರ್ಶಿಯಾಗಿ ಆರಿಸಿದ್ದಾರೆ. ನಮ್ಮದು ಮೈಲಿಯ ಎಂಟನೇ ಒಂದು ಭಾಗದಷ್ಟು, ಅಂದರೆ ಸುಮಾರು 201 ಮೀಟರ್ ಉದ್ದದ ಟ್ರ್ಯಾಕ್. ಕೆಲಸ ಮಾಡುವವರೆಲ್ಲ ಸ್ವಯಂಸೇವಕರು. ನಮ್ಮ ಸ್ಪರ್ಧೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯನ್ನು ಬದಲಾಯಿಸಬೇಕೆಂದು ಕೆಲವರೂ, ಕೂಡದೆಂದು ಕೆಲವರೂ ಪಟ್ಟು ಹಿಡಿದಿದ್ದಾರೆ. ಹಳೆಯ ಸದಸ್ಯರು ಪರಸ್ಪರ ಮಾತನಾಡುವುದನ್ನೇ ಬಿಟ್ಟಿದ್ದಾರೆ. ಇಂಥದ್ದನ್ನು ಹತ್ತಿರದಿಂದ ಕಂಡವರು ನಿಮ್ಮ ಅನುಭವ ಹಂಚಿಕೊಳ್ಳಬೇಕೆಂದು ಕೋರುತ್ತೇನೆ.

ಸಿಡ್ನಿಯಿಂದ, ಸ್ಪೋರ್ಟ್ಸ್‌ಮನ್ (ಹವ್ಯಾಸಿ) ವರ್ಗದ ಸ್ಪರ್ಧಿ

ಇಡೀ ದೇಶದ ಮಟ್ಟದಲ್ಲಿ ನಡೆದ ಜಗಳವೇ ಈಗ ನಿಮ್ಮ ಸಭೆಗೂ ಬಂದಿದೆ. 1973ರಲ್ಲಿ ಸ್ಥಾಪನೆಯಾದ ಆಂಡ್ರಾ, ಅಂದರೆ ಆಸ್ಟ್ರೇಲಿಯನ್ ನ್ಯಾಷನಲ್ ಡ್ರ್ಯಾಗ್ ರೇಸಿಂಗ್ ಅಸೋಸಿಯೇಷನ್, ದಶಕಗಳ ಕಾಲ ನಿಯಮಾವಳಿ, ಲೈಸೆನ್ಸ್, ರಾಷ್ಟ್ರೀಯ ಚಾಂಪಿಯನ್‌ಷಿಪ್ ಎಲ್ಲವನ್ನೂ ನೋಡಿಕೊಂಡು ಬಂದಿತ್ತು. 2015ರಲ್ಲಿ ಇಪ್ಸ್‌ವಿಚ್ ಬಳಿಯ ವಿಲೋಬ್ಯಾಂಕ್ ಮತ್ತು ಈಸ್ಟರ್ನ್ ಕ್ರೀಕ್‌ನ ಸಿಡ್ನಿ ಡ್ರ್ಯಾಗ್‌ವೇ ಎಂಬ ಎರಡು ಟ್ರ್ಯಾಕ್‌ಗಳು ಸೇರಿ, ಅಮೆರಿಕ ಮೂಲದ ಐಎಚ್‌ಆರ್‌ಎ (ಇಂಟರ್‌ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್) ಸಂಸ್ಥೆಯ ಮಾನ್ಯತೆಯೊಂದಿಗೆ 400 ಥಂಡರ್ ಎಂಬ ಬೇರೆ ಸರಣಿಯನ್ನು ಆರಂಭಿಸಿದವು. ಆಂಡ್ರಾ ತನ್ನ ಸ್ಪರ್ಧೆಗಳನ್ನು ಮುಂದುವರಿಸಿತು. ಮೂರು ಕೋಟಿಗಿಂತ ಕಡಿಮೆ ಜನರಿರುವ, ಪರ್ತ್‌ನಿಂದ ಬ್ರಿಸ್ಬೇನ್‌ಗೆ ರಸ್ತೆಯಲ್ಲಿ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವಿರುವ ಈ ದೇಶದಲ್ಲಿ ಅತಿ ವೇಗದ ವರ್ಗವಾದ ಟಾಪ್ ಫ್ಯುಯೆಲ್‌ನ ತಂಡಗಳೇ ಬೆರಳೆಣಿಕೆಯಷ್ಟು. ಅಂಥಲ್ಲಿ ಎರಡು ವ್ಯವಸ್ಥೆಗಳು ನಡೆದರೆ ಹೊರೆ ಬೀಳುವುದು ಟ್ರೇಲರ್ ಎಳೆದುಕೊಂಡು ಊರೂರು ಸುತ್ತುವ ಸ್ಪರ್ಧಿಯ ಮೇಲೆ.

ಹಾಗೆಂದು ಯಾವ ಪಕ್ಷವನ್ನೂ ಖಳನೆಂದು ನೋಡಲು ನನಗೆ ಮನಸ್ಸಿಲ್ಲ. ಟ್ರ್ಯಾಕ್ ನಡೆಸುವವರು ಜಾಗ, ಕಾಂಕ್ರೀಟ್, ಆಂಬುಲೆನ್ಸ್, ದೀಪ ಎಲ್ಲಕ್ಕೂ ತಾವೇ ಹಣ ಹಾಕುತ್ತಾರೆ; ಟಿಕೆಟ್ ಹೋಗದಿದ್ದರೆ ನಷ್ಟವೂ ಅವರದೇ, ಆದ್ದರಿಂದ ಸರಣಿಯ ಸ್ವರೂಪದಲ್ಲಿ ತಮ್ಮ ಮಾತು ನಡೆಯಬೇಕೆಂದು ಅವರು ಬಯಸುವುದು ಸಹಜ. ಸ್ಪರ್ಧಿಗಳಿಗೆ ಬೇಕಿರುವುದು ನಿಯಮ ಬದಲಾಗುವ ಮುಂಚೆ ತಮ್ಮನ್ನು ಕೇಳುವ ಒಂದು ವೇದಿಕೆ, ಮತ್ತು ಈ ವರ್ಷ ಕಟ್ಟಿದ ಕಾರು ಮುಂದಿನ ವರ್ಷವೂ ಅದೇ ವರ್ಗದಲ್ಲಿ ಓಡುತ್ತದೆಂಬ ಭರವಸೆ. ಈ ಎರಡು ಬೇಡಿಕೆಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ಮಾತನಾಡುವ ಖಾಯಂ ವ್ಯವಸ್ಥೆ ಇಲ್ಲದಿದ್ದುದೇ ಮೂಲ ಸಮಸ್ಯೆ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಸಭೆಯಲ್ಲಿ “ಯಾವ ಸಂಸ್ಥೆ ಒಳ್ಳೆಯದು” ಎಂಬ ಪ್ರಶ್ನೆಯನ್ನೇ ಎತ್ತಬೇಡಿ. ವಿಮೆ ಯಾರದು, ಅದು ಸ್ವಯಂಸೇವಕರನ್ನೂ ಒಳಗೊಳ್ಳುತ್ತದೆಯೇ, ಬೇರೆ ಸಂಸ್ಥೆಯ ಲೈಸೆನ್ಸ್ ಮತ್ತು ಲಾಗ್‌ಬುಕ್ (ಕಾರಿನ ತಪಾಸಣೆಯ ದಾಖಲೆ ಪುಸ್ತಕ) ನಮ್ಮಲ್ಲಿ ನಡೆಯುತ್ತದೆಯೇ, ನಮ್ಮವು ಅಲ್ಲಿ ನಡೆಯುತ್ತವೆಯೇ ಎಂದು ಎರಡೂ ಕಡೆಗೆ ಬರೆದು ಕೇಳಿ. ಉತ್ತರವನ್ನು ಬರಹದಲ್ಲೇ ತರಿಸಿ. ಲಾಗ್‌ಬುಕ್ ಕ್ಷುಲ್ಲಕ ವಿಷಯವೆಂದು ಹೊರಗಿನವರಿಗೆ ತೋರಬಹುದು. ನನ್ನ ಪರಿಚಯದ ಒಬ್ಬರು ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಒಂದು ಟ್ರ್ಯಾಕಿಗೆ ಹೋದಾಗ, ಅವರ ಲಾಗ್‌ಬುಕ್ ಅಲ್ಲಿ ಸಲ್ಲುವುದಿಲ್ಲ, ತಪಾಸಣೆ ಹೊಸದಾಗಿ ಆಗಬೇಕೆಂದು ಹೇಳಿದರು. ಆ ಹೊತ್ತಿಗೆ ತಪಾಸಣೆ ಮಾಡಬಲ್ಲವರು ಅಲ್ಲಿ ಇರಲಿಲ್ಲ. ಕಾರನ್ನು ಟ್ರೇಲರಿನಿಂದ ಇಳಿಸದೆಯೇ ಅವರು ಮರಳಿದರು, ಅದಾದ ಮೇಲೆ ಆ ಕುಟುಂಬ ರೇಸಿಗೆ ಬರುವುದೇ ಕಡಿಮೆಯಾಯಿತು.

ಇಪ್ಸ್‌ವಿಚ್‌ನಿಂದ, ಸ್ಕ್ರೂಟಿನಿಯರ್ (ಕಾರುಗಳ ತಪಾಸಕ)

ಮೇಲಿನವರು ಬರೆದುದಕ್ಕೆ ತಪಾಸಣೆಯ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಕಾರು ನಮ್ಮ ಮುಂದೆ ಬಂದಾಗ ನಾವು ಮೊದಲು ನೋಡುವುದು ಸೀಟ್ ಬೆಲ್ಟಿಗೆ ಹೊಲಿದ ಎಸ್‌ಎಫ್‌ಐ ಎಂಬ ಸುರಕ್ಷತಾ ಮಾನದಂಡದ ಪಟ್ಟಿಯನ್ನು. ಅದರಲ್ಲಿ ತೂತು ಹೊಡೆದು ಗುರುತಿಸಿದ ತಿಂಗಳು ಮತ್ತು ವರ್ಷವನ್ನು ಬೆರಳಿನಿಂದ ಹಿಡಿದು ಓದುತ್ತೇವೆ. ಆಮೇಲೆ ಹೆಲ್ಮೆಟ್ಟಿನ ಒಳಗಿರುವ ಸ್ನೆಲ್ ಚೀಟಿ (ಹೆಲ್ಮೆಟ್ಟಿನ ಸುರಕ್ಷತಾ ಗುರುತು), ರೋಲ್ ಕೇಜ್ (ಕಾರು ಉರುಳಿದರೆ ಚಾಲಕನನ್ನು ಕಾಯುವ ಕೊಳವೆ ಚೌಕಟ್ಟು), ಬ್ಯಾಟರಿ ಕಡಿತಗೊಳಿಸುವ ಸ್ವಿಚ್. ಸುರಕ್ಷತೆಯ ಈ ಮೂಲ ಮಾನದಂಡಗಳಲ್ಲಿ ಬಹುಪಾಲು ಅಮೆರಿಕದಿಂದ ಬಂದವು, ಹಾಗಾಗಿ ಯಾವ ಸಂಸ್ಥೆಯ ಅಂಗಿ ತೊಟ್ಟರೂ ನಾವು ನೋಡುವ ಅಂಶಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ತಾಂತ್ರಿಕವಾಗಿ ಪರಸ್ಪರ ಒಪ್ಪಲು ದೊಡ್ಡ ಅಡ್ಡಿಯಿಲ್ಲವೆಂದು ನಿಮ್ಮ ಸದಸ್ಯರಿಗೆ ಧೈರ್ಯವಾಗಿ ಹೇಳಿ.

ನನಗೆ ನಿಜವಾಗಿ ಚಿಂತೆಯಾಗಿರುವುದು ಸ್ವಯಂಸೇವಕರ ವಿಷಯ. ಒಂದು ಕಾರಿನ ಎಂಜಿನ್ ಒಡೆದು ಲೇನ್ ತುಂಬ ಎಣ್ಣೆ ಚೆಲ್ಲಿತೆಂದರೆ, ಹೀರುವ ಪುಡಿ ಸುರಿದು, ಗುಡಿಸಿ, ತೊಳೆದು, ಒಣಗಿಸಿ, ಟೈರುಗಳಿಗೆ ಹಿಡಿತ ಕೊಡುವ ಅಂಟು ದ್ರಾವಣವನ್ನು ಮತ್ತೆ ಸಿಂಪಡಿಸುವವರೆಗೆ ಬಹಳ ಹೊತ್ತು ಹೋಗುತ್ತದೆ. ಅಷ್ಟರಲ್ಲಿ ಸದ್ದು ನಿಲ್ಲಿಸಬೇಕಾದ ಗಡುವು ಸಮೀಪಿಸಿರುತ್ತದೆ. ಉಳಿದ ಓಟಗಳಲ್ಲಿ ಯಾವ ವರ್ಗವನ್ನು ಕೈಬಿಡಬೇಕೆಂಬ ಪ್ರಶ್ನೆ ಆ ಕ್ಷಣದಲ್ಲಿ ಬಂದರೆ ಸಿಟ್ಟು, ಕೂಗಾಟ ಖಂಡಿತ, ಆ ಕೂಗಾಟವನ್ನು ಕೇಳುವವರು ಬೆಳಗಿನಿಂದ ಬಿಸಿಲಿನಲ್ಲಿ ನಿಂತ ಸ್ವಯಂಸೇವಕರು. ಸಮಯ ಮೀರಿದರೆ ಯಾವ ಕ್ರಮದಲ್ಲಿ ಓಟಗಳನ್ನು ಬಿಡಬೇಕು, ತೀರ್ಮಾನಿಸುವ ಒಬ್ಬ ವ್ಯಕ್ತಿ ಯಾರು ಎಂಬುದನ್ನು ಸ್ಪರ್ಧೆಗೆ ಮುಂಚೆಯೇ ಮುದ್ರಿಸಿ ಹಂಚಿ. ಸಂಸ್ಥೆ ಬದಲಾಯಿಸುವ ಚರ್ಚೆಯಲ್ಲೂ ಈ ಜನರ ಮಾತನ್ನು ಪ್ರತ್ಯೇಕವಾಗಿ ಕೇಳಬೇಕು, ಏಕೆಂದರೆ ಹೊಸ ಸಂಸ್ಥೆಯ ತರಬೇತಿ ಮತ್ತು ಅರ್ಹತಾ ಪತ್ರಕ್ಕಾಗಿ ಮತ್ತೆ ತಮ್ಮ ವಾರಾಂತ್ಯಗಳನ್ನು ಕೊಡಬೇಕಾದವರು ಅವರೇ. ಅವರು ಹೊರಟುಹೋದರೆ ಯಾವ ಮಾನ್ಯತೆ ಪತ್ರವಿದ್ದರೂ ಓಟ ಆರಂಭಿಸುವ ದೀಪಸ್ತಂಭದಲ್ಲಿ ಹಸಿರು ದೀಪ ಹತ್ತುವುದಿಲ್ಲ.

ಟೂವೂಂಬಾದಿಂದ, ಬೇರೊಂದು ಕ್ರೀಡಾ ಕ್ಲಬ್ಬಿನ ಖಜಾಂಚಿ

ನಾನು ಡ್ರ್ಯಾಗ್ ರೇಸಿಂಗ್ ಬಲ್ಲವನಲ್ಲ, ಆದರೆ ಕ್ವೀನ್ಸ್‌ಲ್ಯಾಂಡಿನ 1981ರ ಸಂಘ ನೋಂದಣಿ ಕಾಯ್ದೆಯ ಅಡಿಯಲ್ಲಿ ಕೆಲಸ ಮಾಡಿದ್ದೇನೆ. ನಿಮ್ಮ ಕ್ಲಬ್ ಆ ಕಾಯ್ದೆಯಡಿ ನೋಂದಣಿಯಾಗಿದ್ದರೆ ಸದಸ್ಯರ ನಡುವಿನ ದೂರುಗಳನ್ನು ಬಗೆಹರಿಸುವ ಕ್ರಮ ನಿಮ್ಮ ನಿಯಮಗಳಲ್ಲಿ ಇರಲೇಬೇಕು. ಪರಸ್ಪರ ಮಾತು ಬಿಟ್ಟ ಆ ಹಿರಿಯರ ವಿಷಯವನ್ನು ವಾಟ್ಸಾಪ್ ಗುಂಪಿನಿಂದ ತೆಗೆದು ಆ ಕ್ರಮದ ಪ್ರಕಾರ ನಡೆಸಿ. ಎರಡನೆಯದಾಗಿ, ಸಮಿತಿಯಲ್ಲಿ ಯಾರಿಗಾದರೂ ಟ್ರ್ಯಾಕಿನ ಗುತ್ತಿಗೆಯಲ್ಲೋ ಬಿಡಿಭಾಗಗಳ ವ್ಯಾಪಾರದಲ್ಲೋ ಯಾವುದಾದರೂ ಸಂಸ್ಥೆಯ ಹುದ್ದೆಯಲ್ಲೋ ಹಿತಾಸಕ್ತಿ ಇದ್ದರೆ ಅದನ್ನು ಮತದಾನಕ್ಕೆ ಮುಂಚೆ ನಡಾವಳಿಯಲ್ಲಿ ದಾಖಲಿಸಿ, ಅಂಥವರು ಆ ವಿಷಯದ ಮತದಾನದಿಂದ ಹೊರಗಿರಲಿ. ಎರಡೂ ಸಂಸ್ಥೆಗಳ ಲಿಖಿತ ಉತ್ತರಗಳು ಬರುವವರೆಗೆ ಮತಕ್ಕೆ ಹಾಕಬೇಡಿ. ಬಂದ ಮೇಲೆ ಅವನ್ನು ಸಭೆಯ ನೋಟಿಸಿನ ಜೊತೆಗೇ ಎಲ್ಲ ಸದಸ್ಯರಿಗೂ ಕಳುಹಿಸಿ, ಓದಲು ಸಾಕಷ್ಟು ದಿನಗಳನ್ನು ಕೊಡಿ, ಮತ್ತು ನಿರ್ಣಯವನ್ನು ಒಂದು ಋತುವಿಗೆ ಮಾತ್ರ ಸೀಮಿತಗೊಳಿಸಿ ಮಂಡಿಸಿ. ಸೋತ ಪಕ್ಷಕ್ಕೆ ಮುಂದಿನ ವಾರ್ಷಿಕ ಸಭೆಯಲ್ಲಿ ಮತ್ತೆ ಕೇಳುವ ಅವಕಾಶ ಉಳಿದಿದ್ದರೆ ಅವರು ಕ್ಲಬ್ ಬಿಟ್ಟು ಹೋಗುವ ಸಂಭವ ಕಡಿಮೆ.