ಆಸ್ಪತ್ರೆಯ ಕಾರ್ಯನೀತಿಗಳ ಕಡತ ಗ್ರಂಥಾಲಯಕ್ಕೆ ಬಂದಿದೆ: ನಮ್ಮ ಕೆಲಸ ಎಲ್ಲಿಯವರೆಗೆ?

ಗ್ರಂಥಪಾಲಕಿ, ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಗ್ರಂಥಪಾಲಕಿ. ಗ್ರಂಥಾಲಯದಲ್ಲಿ ನಾನು ಮತ್ತು ಒಬ್ಬ ಸಹಾಯಕ, ಇಬ್ಬರೇ ಇದ್ದೇವೆ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ನವೀಕರಣ ಹತ್ತಿರವಾಗಿರುವುದರಿಂದ, ಕಳೆದ ತಿಂಗಳು ವೈದ್ಯಕೀಯ ಅಧೀಕ್ಷಕರು ಎಲ್ಲ ವಿಭಾಗಗಳ ಕಾರ್ಯನೀತಿ, ಮಾರ್ಗಸೂಚಿ, ಎಸ್‌ಒಪಿಗಳನ್ನು (ಕೆಲಸದ ಹಂತಗಳನ್ನು ಬರೆದಿಟ್ಟ ದಾಖಲೆಗಳು) ಒಂದೆಡೆ ತರಿಸಿ, ಇನ್ನು ಮುಂದೆ ಇವನ್ನು ಲೈಬ್ರರಿಯೇ ನೋಡಿಕೊಳ್ಳಲಿ ಎಂದರು. ಎಣಿಸಿದರೆ ಇನ್ನೂರರ ಸಮೀಪ ಇವೆ.

ತೆರೆದು ನೋಡಿದಾಗ ಗಾಬರಿಯಾಯಿತು. ಜೈವಿಕ ವೈದ್ಯಕೀಯ ತ್ಯಾಜ್ಯದ ಕಾರ್ಯನೀತಿಯೊಂದಕ್ಕೇ ಮೂರು ಪ್ರತಿಗಳಿವೆ. ಒಂದು 1998ರ ನಿಯಮಗಳನ್ನು ನೆಚ್ಚಿಕೊಂಡು, ಅವಧಿ ಮೀರಿದ ಔಷಧಿಯನ್ನು ಕಪ್ಪು ಚೀಲಕ್ಕೆ ಹಾಕಬೇಕೆನ್ನುತ್ತದೆ. 2016ರ ನಿಯಮಗಳಲ್ಲಿ ಕಪ್ಪು ಬಣ್ಣವೇ ಇಲ್ಲ. ಹಳದಿ, ಕೆಂಪು, ಬಿಳಿ, ನೀಲಿ ಮಾತ್ರ, ಮತ್ತು ಆ ಔಷಧಿ ಹೋಗಬೇಕಾದದ್ದು ಹಳದಿಗೆ. ಎರಡನೆಯದು 2016ರದ್ದನ್ನು ಹೇಳುತ್ತದೆ, ಆದರೆ 2018ರ ತಿದ್ದುಪಡಿಯ ಸುಳಿವಿಲ್ಲ. ಮೂರನೆಯದರಲ್ಲಿ ದಿನಾಂಕವೂ ಇಲ್ಲ, ಸಹಿಯೂ ಇಲ್ಲ.

ಹುಡುಕುವ ಪದಗಳದ್ದು ಬೇರೆಯೇ ತೊಡಕು. ಕಾರ್ಯನೀತಿಗೆ ಕಚೇರಿಯ ಮರಾಠಿ ಪತ್ರಗಳಲ್ಲಿ ‘ಧೋರಣ’, ಕಡತದ ಮೇಲೆ ‘ಪಾಲಿಸಿ’, ವಾರ್ಡಿನವರ ಬಾಯಲ್ಲಿ ಎಲ್ಲವೂ ‘ಸರ್ಕ್ಯುಲರ್’. (ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಟ್ರನ್ ‘ಆಸ್ಪತ್ರೆಯ ಧೋರಣ ಗೊತ್ತಿದೆಯೇ’ ಎಂದು ಮರಾಠಿಯಲ್ಲಿ ಕೇಳಿದಾಗ, ನಮ್ಮ ಕನ್ನಡದ ಧೋರಣೆಯೆಂದೇ ತಿಳಿದು, ನನ್ನ ನಡವಳಿಕೆಯಲ್ಲಿ ಏನೋ ತಪ್ಪಾಗಿದೆ ಎಂದು ಹೆದರಿದ್ದೆ.)

ಇದರಲ್ಲಿ ಗ್ರಂಥಾಲಯದ ಪಾಲು ಎಷ್ಟು? ಎಲ್ಲಿಂದ ಆರಂಭಿಸಬೇಕು? ನಾಳೆ ಒಂದು ಮಾರ್ಗಸೂಚಿಯಲ್ಲಿ ತಪ್ಪು ಸಿಕ್ಕರೆ ಉತ್ತರ ಕೊಡಬೇಕಾದವಳು ನಾನೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ನಿವೃತ್ತ ಗ್ರಂಥಪಾಲಕ, ಮಾಟುಂಗಾ

ಮೇಡಂ, ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದನ್ನು ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಳ್ಳದೆ ಕಡತ ಮುಟ್ಟಬಾರದು. ಪ್ರತಿಯೊಂದು ಕಾರ್ಯನೀತಿಗೂ ಒಬ್ಬ ಹೊಣೆಗಾರರಿರಬೇಕು, ಮತ್ತು ಅವರು ಆ ವಿಷಯದ ವಿಭಾಗದವರೇ ಆಗಿರಬೇಕು. ವ್ಯಕ್ತಿಯ ಹೆಸರು ಬರೆಯಬೇಡಿ, ಹುದ್ದೆಯನ್ನು ಬರೆಯಿರಿ. ವೈದ್ಯರು ಆಸ್ಪತ್ರೆ ಬದಲಿಸಿದ ದಿನ ಕಾರ್ಯನೀತಿ ಅನಾಥವಾಗುವುದು ಈ ಒಂದು ಕಾರಣಕ್ಕೆ. ಒಳಗೆ ಏನು ಬರೆದಿದೆ ಎಂಬುದಕ್ಕೆ ಅವರು ಜವಾಬ್ದಾರರು. ಅದು ಯಾವ ಆಧಾರದ ಮೇಲೆ ನಿಂತಿದೆ, ಆ ಆಧಾರ ಇನ್ನೂ ಜೀವಂತವಾಗಿದೆಯೇ, ಈಗ ಚಾಲ್ತಿಯಲ್ಲಿರುವ ಪ್ರತಿ ಯಾವುದು ಎಂಬುದು ನಿಮ್ಮ ಕೆಲಸ. ಈ ಗೆರೆಯನ್ನು ಅಧೀಕ್ಷಕರ ಸಹಿಯಿರುವ ಅರ್ಧ ಪುಟದಲ್ಲಿ ಹಾಕಿಸಿಕೊಳ್ಳಿ.

ಆರಂಭಕ್ಕೆ ತಂತ್ರಾಂಶ ಖರೀದಿಸುವ ಮಾತೇ ಬೇಡ, ಒಂದು ಎಕ್ಸೆಲ್ ಹಾಳೆ ಸಾಕು. ಸಂಖ್ಯೆ, ಶೀರ್ಷಿಕೆ, ಹೊಣೆಗಾರ ಹುದ್ದೆ, ಒಪ್ಪಿಗೆಯಾದ ದಿನ, ಮರುಪರಿಶೀಲನೆಯ ದಿನ, ಇದು ಯಾವುದರ ಬದಲಿಗೆ ಬಂತು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಬಹುತೇಕರು ಬಿಡುವ ಕಂಬಸಾಲು ಒಂದಿದೆ, ಅದು ಆಕರಗಳದ್ದು. ಪ್ರತಿ ಕಾರ್ಯನೀತಿ ಯಾವ ಕಾಯ್ದೆ, ಯಾವ ನಿಯಮ, ಯಾವ ಮಾರ್ಗಸೂಚಿಯ ಎಷ್ಟನೇ ಆವೃತ್ತಿಯನ್ನು ಆಧರಿಸಿದೆ ಎಂದು ವರ್ಷಸಹಿತ ದಾಖಲಿಸಿ, ಆಮೇಲೆ ಆ ಪಟ್ಟಿಯನ್ನು ತಿರುಗಿಸಿ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುವಂತೆ, ಇಂಥ ಆಕರ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಸೂಚಿ ನಿಮ್ಮ ಬಳಿ ಇರುತ್ತದೆ.

ಇದರ ಬೆಲೆ ನನಗೆ ತಿಳಿದದ್ದು ಮಾನಸಿಕ ಆರೋಗ್ಯ ಕಾಯ್ದೆ ಬದಲಾದಾಗ. 1987ರ ಕಾಯ್ದೆ ಹೋಗಿ 2017ರ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಮನೋವೈದ್ಯ ವಿಭಾಗ ತನ್ನ ಕಾರ್ಯನೀತಿಯನ್ನು ತಿದ್ದಿಕೊಂಡು ಸುಮ್ಮನಾಯಿತು. ಆದರೆ ಹಳೆಯ ಕಾಯ್ದೆಯ ಉಲ್ಲೇಖ ರೋಗಿಯನ್ನು ಕಟ್ಟಿಹಾಕುವ ಸಂದರ್ಭದ ಮಾರ್ಗಸೂಚಿಯಲ್ಲಿ, ತುರ್ತು ವಿಭಾಗದ ದಾಖಲಾತಿಯಲ್ಲಿ, ಒಪ್ಪಿಗೆ ಪತ್ರದ ನಮೂನೆಯಲ್ಲಿ ಹಾಗೆಯೇ ಉಳಿದಿತ್ತು. ವಿಭಾಗವಾರು ಜೋಡಿಸಿದ ಕಡತದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆಕರವಾರು ಸೂಚಿಯಿದ್ದರೆ ಅರ್ಧ ಗಂಟೆಯ ಕೆಲಸ.

ಸೂಚಿ ಸಿದ್ಧವಾದ ಮೇಲೆ ನಿಗಾ ಇಡುವುದು ಸುಲಭ. ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಲೇಖನಗಳ ದತ್ತಸಂಚಯ) ಖಾತೆ ತೆರೆದು ಹುಡುಕಾಟವನ್ನು ಉಳಿಸಿಟ್ಟರೆ ಹೊಸ ಲೇಖನಗಳು ಇಮೇಲ್‌ಗೆ ಬರುತ್ತವೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಕೇಂದ್ರದ ಇ-ಗೆಜೆಟ್ ಮತ್ತು ಮಹಾರಾಷ್ಟ್ರದ ರಾಜ್ಯಪತ್ರವನ್ನು ತಿಂಗಳಿಗೊಮ್ಮೆಯಾದರೂ ನೋಡಿ. ಪದಗಳ ತೊಡಕಿಗೆ ಹೆದರಬೇಡಿ. ಧೋರಣ, ಪಾಲಿಸಿ, ಸರ್ಕ್ಯುಲರ್ ಮೂರನ್ನೂ ಒಂದೇ ಶೀರ್ಷಿಕೆಗೆ ಕಳುಹಿಸುವ ‘ನೋಡಿ’ ನಮೂದು ಹಾಕುವುದನ್ನು ಗ್ರಂಥಪಾಲಕರಿಗೆ ಯಾರೂ ಕಲಿಸಬೇಕಾಗಿಲ್ಲ.

ಸೋಂಕು ನಿಯಂತ್ರಣ ನರ್ಸ್, ಮಡಗಾಂವ್

ಸರ್ ಹೇಳಿದ್ದಕ್ಕೆ ವಾರ್ಡಿನ ಕಡೆಯಿಂದ ಒಂದು ಮಾತು ಸೇರಿಸಬೇಕು. ಕಾರ್ಯನೀತಿ ನಿಜವಾಗಿ ಇರುವುದು ಕಂಪ್ಯೂಟರಿನಲ್ಲಲ್ಲ, ನರ್ಸಿಂಗ್ ಸ್ಟೇಷನ್ನಿನ ಗೋಡೆಯ ಮೇಲೆ, ಲ್ಯಾಮಿನೇಟ್ ಆಗಿ. ಹೃದಯ ಸ್ತಂಭನದ ಚಿಕಿತ್ಸೆಯಲ್ಲಿ ಮೊದಲು ಎದೆ ಒತ್ತುವುದು, ಆಮೇಲೆ ಉಸಿರಿನ ದಾರಿ ನೋಡುವುದು ಎಂಬ ಕ್ರಮ ಬಂದದ್ದು 2010ರಲ್ಲಿ. ನಾನು ಹಿಂದೆ ಕೆಲಸ ಮಾಡಿದ ಕಡೆ, ಅದಾದ ಎಷ್ಟೋ ವರ್ಷಗಳ ನಂತರವೂ ಒಂದು ಕೋಣೆಯಲ್ಲಿ ಹಳೆಯ ಎ-ಬಿ-ಸಿ (ಮೊದಲು ಉಸಿರಿನ ದಾರಿ, ಕೊನೆಗೆ ಎದೆ ಒತ್ತುವುದು) ಪಟ್ಟಿಯೇ ತೂಗುತ್ತಿತ್ತು. ಒಳ್ಳೆಯ ಲ್ಯಾಮಿನೇಷನ್ ಆಗಿದ್ದರಿಂದ ಅದನ್ನು ತೆಗೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ!

ಆದ್ದರಿಂದ ನಿಮ್ಮ ಹಾಳೆಯಲ್ಲಿ ಕಾಗದದ ಪ್ರತಿಗಳು ಎಲ್ಲೆಲ್ಲಿವೆ ಎಂಬುದೂ ಇರಲಿ. ಪ್ರತಿ ಕಾಗದಕ್ಕೂ ಪ್ರತಿಸಂಖ್ಯೆ ಕೊಡಿ. ಹೊಸದನ್ನು ಕೊಡುವಾಗ ಹಳೆಯದನ್ನು ಕೈಯಾರೆ ವಾಪಸ್ ಪಡೆಯಿರಿ, ಪಡೆಯದೆ ಹೊಸದನ್ನು ಕೊಡಬೇಡಿ. ಎಲ್ಲವನ್ನೂ ಇಂಟ್ರಾನೆಟ್‌ಗೆ ಹಾಕಿ ಕಾಗದವನ್ನೇ ನಿಲ್ಲಿಸಿಬಿಡಿ ಎಂದು ಕೆಲವರು ಸಲಹೆ ಕೊಡುತ್ತಾರೆ, ನಾನು ಒಪ್ಪುವುದಿಲ್ಲ. ರಾತ್ರಿ ಎರಡು ಗಂಟೆಗೆ ಬಳಸಿದ ಸೂಜಿ ಆಕಸ್ಮಿಕವಾಗಿ ಚುಚ್ಚಿಕೊಂಡ ನರ್ಸ್ ಲಾಗಿನ್ ಮಾಡಿ ಪಿಡಿಎಫ್ ಹುಡುಕುತ್ತಾ ಕೂರುವುದಿಲ್ಲ.

ಇನ್ನೊಂದು ಕೋರಿಕೆ. ಹದಿನೆಂಟು ಪುಟದ ಕಾರ್ಯನೀತಿಯ ಮೇಲೆ ಒಂದು ಪುಟದ ಸಾರವನ್ನು ಇಡಿಸಿ. ಕೈ ತೊಳೆಯುವುದರಲ್ಲಿ ವಾರ್ಡಿಗೆ ಬೇಕಾದದ್ದು ಹ್ಯಾಂಡ್ ರಬ್‌ಗೆ 20ರಿಂದ 30 ಸೆಕೆಂಡು, ಸಾಬೂನು ನೀರಿಗೆ 40ರಿಂದ 60 ಸೆಕೆಂಡು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು, ಮತ್ತು ಯಾವ ಐದು ಸಂದರ್ಭಗಳಲ್ಲಿ ಎಂಬುದು, ಪೀಠಿಕೆಯಲ್ಲ.

ವೈದ್ಯ, ಮುಲುಂಡ್

ಗ್ರಂಥಾಲಯ ಹಳೆಯ ಪ್ರತಿಗಳನ್ನು ಹಿಂಪಡೆಯಬೇಕು, ನಿಜ. ಆದರೆ ನಾಶಮಾಡಬಾರದು. ಚಿಕಿತ್ಸೆಯ ಬಗ್ಗೆ ದೂರು ವರ್ಷಗಳ ನಂತರ ಗ್ರಾಹಕರ ಆಯೋಗದ ಮುಂದೆ ಬಂದಾಗ ಕೇಳುವುದು ಇಂದಿನ ಕಾರ್ಯನೀತಿಯನ್ನಲ್ಲ, ಘಟನೆಯ ದಿನ ಜಾರಿಯಲ್ಲಿದ್ದುದನ್ನು. ಪ್ರತಿ ಆವೃತ್ತಿಯೂ ಎಂದಿನಿಂದ ಎಂದಿನವರೆಗೆ ಚಾಲ್ತಿಯಲ್ಲಿತ್ತು ಎಂಬ ದಾಖಲೆಯೊಂದಿಗೆ ಸಂಗ್ರಹದಲ್ಲಿರಲಿ. ಇದಕ್ಕೆ ಡಿಸ್ಪೇಸ್‌ನಂಥ ಉಚಿತ ತಂತ್ರಾಂಶವೂ ಆಗುತ್ತದೆ.

ಮರುಪರಿಶೀಲನೆಯ ಅವಧಿಯ ಬಗ್ಗೆ: ಎಲ್ಲಕ್ಕೂ ಮೂರು ವರ್ಷ ಎಂದು ಬರೆಯುವುದು ರೂಢಿಯಾಗಿದೆ. 2001ರಲ್ಲಿ ಅಮೆರಿಕದ ಜಾಮಾ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಅಲ್ಲಿನ ಸರ್ಕಾರಿ ಸಂಸ್ಥೆಯ 17 ಮಾರ್ಗಸೂಚಿಗಳನ್ನು ಪರಿಶೀಲಿಸಿ, ಅರ್ಧದಷ್ಟು ಸುಮಾರು 5.8 ವರ್ಷಗಳಲ್ಲಿ ಹಳತಾಗುತ್ತವೆ ಎಂದು ಅಂದಾಜಿಸಿ, ಮೂರು ವರ್ಷಕ್ಕೊಮ್ಮೆ ನೋಡುವುದು ಒಳ್ಳೆಯದು ಎಂದಿತ್ತು. ಅದು ಗರಿಷ್ಠ ಮಿತಿಯೆಂದು ನನ್ನ ಅಭಿಪ್ರಾಯ. ಕಾನೂನು ಬದಲಾದರೆ ಮರುದಿನವೇ ತೆರೆಯಬೇಕು. ಆ್ಯಂಟಿಬಯೋಟಿಕ್ ಕಾರ್ಯನೀತಿಯಂತೂ ನಿಮ್ಮ ಆಸ್ಪತ್ರೆಯ ಸೂಕ್ಷ್ಮಾಣು ಪ್ರಯೋಗಾಲಯದ ಆ್ಯಂಟಿಬಯೋಗ್ರಾಂ (ಯಾವ ರೋಗಾಣುವಿಗೆ ಯಾವ ಔಷಧಿ ನಾಟುತ್ತದೆ ಎಂಬ ಪಟ್ಟಿ) ಮೇಲೆ ನಿಂತಿರುತ್ತದೆ. ಆ ಆಧಾರ ಯಾವ ಪಬ್‌ಮೆಡ್‌ನಲ್ಲಿಯೂ ಸಿಗುವುದಿಲ್ಲ, ಪ್ರಯೋಗಾಲಯದಿಂದಲೇ ಕೇಳಿ ಪಡೆಯಬೇಕು.

ನಮಗೆ, ಅಂದರೆ ಬರೆಯುವವರಿಗೆ, ನಿಮ್ಮಿಂದ ಆಗಬೇಕಾದ ದೊಡ್ಡ ಉಪಕಾರ ಹುಡುಕಾಟದ ವರದಿ. ಯಾವ ದತ್ತಸಂಚಯ, ಯಾವ ಪದಗಳು, ಯಾವ ದಿನ, ಎಷ್ಟು ಸಿಕ್ಕಿತು ಎಂಬುದನ್ನು ಕಾರ್ಯನೀತಿಗೆ ಲಗತ್ತಿಸಿ. ಹೊರಗಿನ ಮಾರ್ಗಸೂಚಿಯನ್ನು ಎರವಲು ಪಡೆಯುವಾಗ ಮಾರ್ಗಸೂಚಿಯ ಗುಣಮಟ್ಟ ಅಳೆಯುವ ಅಗ್ರೀ-2 ಎಂಬ 23 ಅಂಶಗಳ ಪರಿಶೀಲನಾ ಪಟ್ಟಿಯಲ್ಲಿ, ಆಧಾರವನ್ನು ಕ್ರಮಬದ್ಧವಾಗಿ ಹುಡುಕಿದ್ದಾರೆಯೇ, ಪರಿಷ್ಕರಣೆಯ ವಿಧಾನ ಹೇಳಿದ್ದಾರೆಯೇ ಎಂಬ ಎರಡನ್ನಾದರೂ ನೀವೇ ನೋಡಿ ಹೇಳಬಹುದು. ವೈದ್ಯರು ಸಾಮಾನ್ಯವಾಗಿ ಆ ಪುಟಗಳನ್ನು ಹಾರಿಸುತ್ತೇವೆ.

ಗ್ರಂಥಪಾಲಕಿ, ಪುಣೆ

ಮೂವರಿಗೂ ಧನ್ಯವಾದಗಳು. ಹೊಣೆಯ ಗೆರೆಯನ್ನು ಬರೆದು ಅಧೀಕ್ಷಕರಿಗೆ ಕಳುಹಿಸಿದ್ದೇನೆ. ಆಕರಗಳ ಸೂಚಿಯನ್ನು ಕಾನೂನು ಆಧಾರಿತ ಕಾರ್ಯನೀತಿಗಳಿಂದಲೇ ಆರಂಭಿಸುವುದೆಂದು ತೀರ್ಮಾನಿಸಿದೆ, ಏಕೆಂದರೆ ಅಲ್ಲಿ ಹಳೆಯದು ಯಾವುದೆಂಬ ಚರ್ಚೆಗೆ ಅವಕಾಶವಿಲ್ಲ. ಒಂದು ಸಂದೇಹ ಉಳಿದಿದೆ: ಆಕರ ರದ್ದಾಗಿದೆಯೆಂದು ನನಗೆ ಗೊತ್ತಾಗಿ, ಹೊಣೆಗಾರ ವಿಭಾಗ ತಿಂಗಳುಗಟ್ಟಲೆ ಉತ್ತರಿಸದಿದ್ದರೆ ಏನು ಮಾಡುವುದು?

ನಿವೃತ್ತ ಗ್ರಂಥಪಾಲಕ, ಮಾಟುಂಗಾ

ಕಾರ್ಯನೀತಿಯನ್ನು ನೀವು ತಿದ್ದಬೇಡಿ, ತೆಗೆಯಲೂ ಬೇಡಿ. ಅದರ ಮೊದಲ ಪುಟದ ಮೇಲೆ ‘ಆಕರ ಇಂಥ ದಿನದಿಂದ ರದ್ದಾಗಿದೆ, ಮರುಪರಿಶೀಲನೆ ಬಾಕಿ’ ಎಂಬ ಚೀಟಿ ಅಂಟಿಸಲು ಅಧೀಕ್ಷಕರಿಂದ ಮೊದಲೇ ಅನುಮತಿ ಪಡೆದಿಟ್ಟುಕೊಳ್ಳಿ, ಮತ್ತು ಅಂಥ ಚೀಟಿಗಳ ಪಟ್ಟಿಯನ್ನು ಪ್ರತಿ ತಿಂಗಳ ಗುಣಮಟ್ಟ ಸಮಿತಿಯ ಸಭೆಗೆ ಕಳುಹಿಸಿ. ನಮ್ಮಲ್ಲಿ ಎರಡನೇ ಸಭೆಯ ಹೊತ್ತಿಗೆ ವಿಭಾಗದವರೇ ಗ್ರಂಥಾಲಯಕ್ಕೆ ಬರತೊಡಗಿದರು.