ಹೃದಯದ ಸ್ಟ್ರೆಸ್ ಟೆಸ್ಟ್ ಮತ್ತು ವಿಕಿರಣದ ಇಂಜೆಕ್ಷನ್: ಹೆದರಬೇಕಾದ್ದು ಯಾವುದಕ್ಕೆ?

ಪ್ರಶ್ನೆ (ಸುಂಟಿಕೊಪ್ಪ ಕಡೆಯಿಂದ):
ನಮಸ್ಕಾರ ಮೇಡಂ. ಅಪ್ಪನಿಗೆ 66 ವರ್ಷ, ಶುಗರ್ ಇದೆ. ತೋಟದಲ್ಲಿ ಏರು ಹತ್ತುವಾಗ ಎದೆ ಹಿಡಿದ ಹಾಗೆ ಆಗುತ್ತದೆ, ಸ್ವಲ್ಪ ನಿಂತರೆ ಸರಿಹೋಗುತ್ತದೆ. ಮಂಡಿನೋವು ಇರುವುದರಿಂದ ಟ್ರೆಡ್‌ಮಿಲ್ ಆಗುವುದಿಲ್ಲ ಎಂದು ಮೈಸೂರಿನ ಹೃದಯದ ಡಾಕ್ಟರು ‘ಸ್ಟ್ರೆಸ್ ಥಾಲಿಯಂ’ ಬರೆದುಕೊಟ್ಟಿದ್ದಾರೆ. ಅಡೆನೋಸಿನ್ ಕೊಟ್ಟು ಮಾಡುತ್ತಾರಂತೆ. ವಿಕಿರಣದ ಔಷಧಿ ಮೈಗೆ ಹಾಕುತ್ತಾರೆ ಅಂತ ಗೊತ್ತಾದ ಮೇಲೆ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ನನ್ನ ಹೆಂಡತಿಗೆ ಈಗ ಐದು ತಿಂಗಳು. ಚಿಕ್ಕಪ್ಪ ಬೇರೆ ‘ಕ್ಯಾನ್ಸರ್ ಬರುತ್ತೆ, ಸೀದಾ ಆಂಜಿಯೋಗ್ರಾಂ ಮಾಡಿಸಿ’ ಎನ್ನುತ್ತಾರೆ. ಏನು ಮಾಡೋಣ?

ಉತ್ತರ (ನ್ಯೂಕ್ಲಿಯರ್ ಮೆಡಿಸಿನ್ ಡಾಕ್ಟರ್, ಊರು ಗೋಣಿಕೊಪ್ಪ, ಕೆಲಸ ಮೈಸೂರಿನಲ್ಲಿ):
ಮೊದಲು ಚಿಕ್ಕಪ್ಪನಿಗೆ ಒಂದು ಮಾತು. ಆಂಜಿಯೋಗ್ರಾಂ ಅಂದರೂ ಎಕ್ಸ್‌ರೇನೇ. ಅದರಲ್ಲೂ ವಿಕಿರಣ ಇದೆ, ಜೊತೆಗೆ ರಕ್ತನಾಳದೊಳಗೆ ಟ್ಯೂಬ್ ಹಾಕಬೇಕು, ಅಯೋಡಿನ್ ಇರುವ ಡೈ ಬಿಡಬೇಕು. ಶುಗರ್ ಇರುವವರ ಕಿಡ್ನಿಗೆ ಆ ಡೈ ಹೊರೆಯಾಗಬಹುದು. ನಾವು ಕೊಡುವ ಇಂಜೆಕ್ಷನ್‌ನಲ್ಲಿ ಅಯೋಡಿನ್ ಇಲ್ಲ.

ಈ ಟೆಸ್ಟಿನಲ್ಲಿ ವಿಕಿರಣ ಇರುವ ಔಷಧಿ ಕೊಟ್ಟು, ಹೃದಯಕ್ಕೆ ರಕ್ತ ಹೇಗೆ ಹೋಗುತ್ತಿದೆ ಎಂದು ವಿಶ್ರಾಂತಿಯಲ್ಲಿ ಒಮ್ಮೆ, ಓಡಿಸಿ ಅಥವಾ ಔಷಧಿಯಿಂದ ಸ್ಟ್ರೆಸ್ ಕೊಟ್ಟು ಒಮ್ಮೆ ಚಿತ್ರ ತೆಗೆಯುತ್ತೇವೆ. ಚೀಟಿಯಲ್ಲಿ ಥಾಲಿಯಂ ಎಂದು ಬರೆದಿದ್ದರೂ ಈಗ ಹೆಚ್ಚಿನ ಕಡೆ ಕೊಡುವುದು ಟೆಕ್ನೀಷಿಯಂ-99ಎಂ ಎಂಬ ವಿಕಿರಣ ವಸ್ತು ಸೇರಿಸಿದ ಸೆಸ್ಟಾಮಿಬಿ ಅಥವಾ ಟೆಟ್ರೋಫಾಸ್ಮಿನ್ ಎಂಬ ಔಷಧಿ. ಯಾವುದು ಕೊಡುತ್ತೀರಿ ಅಂತ ಕೇಳಿಕೊಳ್ಳಿ, ಯಾಕೆಂದರೆ ವ್ಯತ್ಯಾಸ ಜಾಸ್ತಿ. ಟೆಕ್ನೀಷಿಯಂ 6 ಗಂಟೆಗೊಮ್ಮೆ ಅರ್ಧ ಆಗುತ್ತದೆ. 24 ಗಂಟೆಯಲ್ಲಿ ಹದಿನಾರನೇ ಒಂದು ಪಾಲಷ್ಟೇ ಉಳಿಯುತ್ತದೆ, ಅದರಲ್ಲೂ ಒಂದಷ್ಟು ಮೂತ್ರ ಮಲದಲ್ಲಿ ಹೋಗಿರುತ್ತದೆ. ಥಾಲಿಯಂ-201 ಅರ್ಧ ಆಗಲು ಸುಮಾರು 73 ಗಂಟೆ, ಅಂದರೆ ಮೂರು ದಿನ.

ಪ್ರಮಾಣದ ಲೆಕ್ಕ ಹೀಗಿದೆ. ಟೆಕ್ನೀಷಿಯಂನಲ್ಲಿ ವಿಶ್ರಾಂತಿಯದ್ದು, ಸ್ಟ್ರೆಸ್‌ದು ಎರಡೂ ಸೇರಿ ಸುಮಾರು 10 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ). ಥಾಲಿಯಂನಲ್ಲಿ ಇದಕ್ಕಿಂತ ಜಾಸ್ತಿ. ಏನೂ ಮಾಡದೆ ಮನೆಯಲ್ಲಿ ಕೂತವರಿಗೂ ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. 10 ಮಿಲಿಸೀವರ್ಟ್‌ನಿಂದ ಮುಂದೆ ಕ್ಯಾನ್ಸರ್‌ನಲ್ಲಿ ಜೀವ ಹೋಗುವ ಸಾಧ್ಯತೆ ಸುಮಾರು ಎರಡು ಸಾವಿರಕ್ಕೆ ಒಂದರಷ್ಟು ಏರಬಹುದು ಎಂದು ಅಂದಾಜು. ಸೊನ್ನೆ ಅಂತ ನಾನು ಹೇಳುವುದಿಲ್ಲ. ಆದರೆ ಅಂಥ ಕ್ಯಾನ್ಸರ್ ಬರಲು ಎಷ್ಟೋ ವರ್ಷ ಬೇಕು. ಅಪ್ಪನಿಗೆ ಏರು ಹತ್ತುವಾಗ ಎದೆ ಹಿಡಿಯುತ್ತಿರುವುದು ಈಗ. 30 ವರ್ಷದವರಾಗಿದ್ದು ಸುಮ್ನೆ ಚೆಕಪ್‌ಗೆ ಅಂತ ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ನಿಜವಾಗಿ ಗಮನ ಕೊಡಬೇಕಾದ್ದು ಅಡೆನೋಸಿನ್ ಕಡೆಗೆ. ಅದರಲ್ಲಿ ವಿಕಿರಣ ಇಲ್ಲ. ಓಡಲು ಆಗದವರ ಹೃದಯದ ರಕ್ತನಾಳ ಅಗಲ ಮಾಡಲು ಅದನ್ನು ಕೊಡುತ್ತೇವೆ. 4ರಿಂದ 6 ನಿಮಿಷ ಡ್ರಿಪ್ ಹೋಗುವಾಗ ಮುಖ ಬಿಸಿಯಾಗುತ್ತದೆ, ಉಸಿರು ಕಟ್ಟಿದಂತೆ, ಎದೆ ಭಾರವಾದಂತೆ ಅನ್ನಿಸುತ್ತದೆ. ನಿಲ್ಲಿಸಿದರೆ ನಿಮಿಷದೊಳಗೆ ಹೆಚ್ಚಿನದೆಲ್ಲ ಇಳಿಯುತ್ತದೆ, ಯಾಕೆಂದರೆ ರಕ್ತದಲ್ಲಿ ಅದು ಇರುವುದು ಕೆಲವೇ ಸೆಕೆಂಡ್. ಆದರೆ ಅಪರೂಪಕ್ಕೆ ಹೃದಯಾಘಾತ, ಸಾವೂ ಆಗಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರ ನವೆಂಬರ್‌ನಲ್ಲಿ ಅಡೆನೋಸಿನ್, ಅದೇ ಥರದ ರೆಗಾಡೆನೋಸನ್ ಎರಡರ ಬಗ್ಗೆಯೂ ಎಚ್ಚರಿಕೆ ಕೊಟ್ಟಿತ್ತು: ಕೂತಲ್ಲೇ ಎದೆನೋವು ಬರುತ್ತಿದ್ದರೆ, ಹೃದಯದ ಸ್ಥಿತಿ ಏರುಪೇರಾಗಿದ್ದರೆ ಇವನ್ನು ಕೊಡಬೇಡಿ ಎಂದು. ಹಾಗಾಗಿ ಟೆಸ್ಟಿಗೆ ಮೊದಲು ಅಪ್ಪನಿಗೆ ಸುಮ್ಮನೆ ಕೂತಾಗ, ರಾತ್ರಿ ಮಲಗಿದಾಗ ನೋವು ಬಂದರೆ ಟೆಸ್ಟಿನ ದಿನಕ್ಕೆ ಕಾಯಬೇಡಿ. ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.

ಇಂಜೆಕ್ಷನ್ ಆದ ಮೇಲೆ ಅಪ್ಪನ ಮೈಯಿಂದ ಸ್ವಲ್ಪ ವಿಕಿರಣ ಹೊರಬರುತ್ತಿರುತ್ತದೆ, ಹಾಗಾಗಿ ನಿಮ್ಮ ಹೆಂಡತಿ ಆ ದಿನ ಜೊತೆಯಲ್ಲಿ ಬರುವುದು ಬೇಡ. ಹುಣಸೂರು, ಕುಶಾಲನಗರ ದಾಟಿ ಊರು ಮುಟ್ಟುವವರೆಗೆ ಒಂದೇ ಕಾರಿನಲ್ಲಿ ಪಕ್ಕಪಕ್ಕ ಕೂರುವ ಅಗತ್ಯ ಏನಿದೆ? ಮನೆಯಲ್ಲಿ ಒಂದು ದಿನ ಸ್ವಲ್ಪ ದೂರ ಇದ್ದರೆ ಸಾಕು. ಅಪ್ಪ ನೀರು ಚೆನ್ನಾಗಿ ಕುಡಿಯಲಿ, ಮೂತ್ರ ಕಟ್ಟಿಕೊಳ್ಳುವುದು ಬೇಡ. ಆ ದಿನ ಟಾಯ್ಲೆಟ್‌ಗೆ ಎರಡು ಸಲ ನೀರು ಹಾಕಿ ಕೈ ತೊಳೆಯಲಿ. ತಟ್ಟೆ ಲೋಟ ಬೇರೆ ಇಡುವುದು, ಕೋಣೆಯಲ್ಲಿ ಕೂಡಿಹಾಕುವುದು ಇದೆಲ್ಲ ಬೇಡ.

ಪ್ರಶ್ನೆ (ನಾಪೋಕ್ಲು):
ಮೇಡಂ, ಈ ಟೆಸ್ಟಿಗೆ ಮೊದಲು ಕಾಫಿ ಬಿಡಲೇಬೇಕಾ? ನಮ್ಮಮ್ಮನಿಗೆ ಬೆಳಿಗ್ಗೆ ಒಂದು ಲೋಟ ಬೆಲ್ಲದ ಕಾಫಿ ಹೋಗದೆ ಕಣ್ಣೇ ಬಿಡುವುದಿಲ್ಲ.

ಉತ್ತರ:
ಬಿಡಲೇಬೇಕು. ಕೊಡಗಿನವರಿಗೆ ಇದನ್ನು ಹೇಳುವಾಗ ನನಗೇ ಸಂಕಟ. ಅಡೆನೋಸಿನ್ ಕೆಲಸ ಮಾಡುವ ಜಾಗವನ್ನೇ ಕೆಫೀನ್ ಅಡ್ಡಗಟ್ಟುತ್ತದೆ. ರಕ್ತನಾಳ ಅಗಲ ಆಗುವುದಿಲ್ಲ, ಬ್ಲಾಕ್ ಇದ್ದರೂ ಚಿತ್ರದಲ್ಲಿ ಕಾಣದೆ ಹೋಗಬಹುದು. ವಿಕಿರಣ ತೆಗೆದುಕೊಂಡೂ ದಂಡ ಅಲ್ವಾ? ಕನಿಷ್ಠ 12 ಗಂಟೆ, ಹೆಚ್ಚಿನ ಕಡೆ 24 ಗಂಟೆ ಎನ್ನುತ್ತಾರೆ. ಟೀ, ಕೋಲಾ, ಚಾಕೊಲೇಟ್, ಡಿಕಾಫ್ ಯಾವುದೂ ಬೇಡ. ತಲೆನೋವಿನ ಕೆಲವು ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ. ಕಾಫಿ ಬಿಟ್ಟ ದಿನ ತಲೆನೋವು ಬರುತ್ತದೆ, ಜನ ಅದೇ ಮಾತ್ರೆ ನುಂಗಿಕೊಂಡು ಬರುತ್ತಾರೆ! ಕುಡಿದುಬಿಟ್ಟಿದ್ದರೆ ಮುಚ್ಚಿಡಬೇಡಿ. ಇಂಜೆಕ್ಷನ್‌ಗೆ ಮೊದಲೇ ಹೇಳಿದರೆ ಬೇರೆ ದಿನ ಕೊಡುತ್ತೇವೆ.

ಪ್ರಶ್ನೆ (ಮಡಿಕೇರಿ):
ಅಮೆರಿಕದಲ್ಲಿ ಹೃದಯದ ಸ್ಕ್ಯಾನ್ ಮಾಡಿಸಿಕೊಂಡವರ ಮೈಯಲ್ಲಿ ತಿಂಗಳಾದರೂ ವಿಕಿರಣ ಉಳಿದಿತ್ತು, ಗಡಿಯಲ್ಲಿ ಅಲಾರಂ ಹೊಡೆಯಿತು ಅಂತ ನನ್ನ ತಂಗಿ ಹೇಳುತ್ತಾಳೆ. ನಿಜವೇ?

ಉತ್ತರ:
ನಿಜ, 2011ರದ್ದು. ಅದು ರುಬಿಡಿಯಂ-82 ಎಂಬ ವಿಕಿರಣ ವಸ್ತು ಹಾಕಿ ಮಾಡುವ ಪೆಟ್ ಎಂಬ ಬೇರೆ ಬಗೆಯ ಸ್ಕ್ಯಾನ್. ರುಬಿಡಿಯಂ ಒಂದೂಕಾಲು ನಿಮಿಷದಲ್ಲಿ ಅರ್ಧ ಆಗಿಬಿಡುತ್ತದೆ, ಅದು ತಾನಾಗಿ ಏನೂ ಅಲ್ಲ. ಆದರೆ ಅದನ್ನು ತೆಗೆಯುವುದು ಸ್ಟ್ರಾನ್ಷಿಯಂ ತುಂಬಿದ ಜನರೇಟರ್‌ನಿಂದ. ಕರೆಂಟಿನದ್ದಲ್ಲ, ಒಳಗಿನ ಸ್ಟ್ರಾನ್ಷಿಯಂ ಕ್ಷಯಿಸುತ್ತಾ ರುಬಿಡಿಯಂ ಆಗುವ ಡಬ್ಬಿ. ಕೆಲವರಿಗೆ ರುಬಿಡಿಯಂ ಜೊತೆ ಸ್ಟ್ರಾನ್ಷಿಯಂ ಕೂಡ ಸೋರಿ ಮೈಗೆ ಹೋಗಿತ್ತು. ಸ್ಟ್ರಾನ್ಷಿಯಂ ಅರ್ಧ ಆಗಲು ವಾರಗಟ್ಟಲೆ ಬೇಕು. ಗಡಿಯ ಡಿಟೆಕ್ಟರ್‌ನಲ್ಲಿ ಸಿಕ್ಕಿಬಿದ್ದಾಗಲೇ ವಿಷಯ ಹೊರಬಂತು. ಆ ಜುಲೈನಲ್ಲಿ ಕಂಪನಿ ಜನರೇಟರ್‌ಗಳನ್ನು ವಾಪಸ್ ತೆಗೆದುಕೊಂಡಿತು.

ಟೆಕ್ನೀಷಿಯಂ ಕೂಡ ಜನರೇಟರ್‌ನಿಂದಲೇ ಬರುತ್ತದೆ, ಒಳಗಿರುವುದು ಮಾಲಿಬ್ಡಿನಂ. ನಾವು ಅದನ್ನು ಹಸು ಅಂತಲೇ ಕರೆಯುವುದು. ಬೆಳಿಗ್ಗೆ ಅದರಿಂದ ಹಾಲು ಹಿಂಡಿದ ಹಾಗೆ ಟೆಕ್ನೀಷಿಯಂ ತೆಗೆದ ಮೇಲೆ ಬಾಟಲಿಯನ್ನು ಸೀಸದ ಡಬ್ಬಿಯೊಳಗಿಟ್ಟು ವಿಕಿರಣ ಅಳೆಯುವ ಮೀಟರ್‌ಗೆ ಇಳಿಸುತ್ತೇವೆ. ಟೆಕ್ನೀಷಿಯಂನ ಕಿರಣವನ್ನು ಸೀಸ ತಡೆಯುತ್ತದೆ, ಮಾಲಿಬ್ಡಿನಂನದ್ದು ಹೊರಗೆ ಬರುತ್ತದೆ. ಸೋರಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮಿತಿ ಮೀರಿದರೆ ಆ ಬಾಟಲಿ ಯಾರಿಗೂ ಇಲ್ಲ. ‘ಇವತ್ತಿನ ಸೋರಿಕೆ ಪರೀಕ್ಷೆ ಆಯ್ತಾ’ ಎಂದು ನೀವು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಟೆಸ್ಟ್ ಆದ ಕೆಲವು ದಿನದಲ್ಲೇ ವಿದೇಶಕ್ಕೆ ಹೋಗುವವರು ಆಸ್ಪತ್ರೆಯಿಂದ ಒಂದು ಪತ್ರ ತೆಗೆದುಕೊಳ್ಳಿ. ಥಾಲಿಯಂ ಆಗಿದ್ದರೆ ಒಂದು ತಿಂಗಳವರೆಗೂ ಪತ್ರ ಕೈಯಲ್ಲಿರಲಿ.

ಪ್ರಶ್ನೆ (ವಿರಾಜಪೇಟೆ):
ನನಗೆ ಸ್ಟೆಂಟ್ ಹಾಕಿ ಆರು ವರ್ಷ ಆಯ್ತು. ಏನೂ ತೊಂದರೆ ಇಲ್ಲ. ವರ್ಷಕ್ಕೊಮ್ಮೆ ಈ ಟೆಸ್ಟ್ ಮಾಡಿಸಿದರೆ ಒಳ್ಳೆಯದಲ್ವಾ?

ಉತ್ತರ:
ಅಲ್ಲ. ತೊಂದರೆ ಇಲ್ಲದವರಿಗೆ ವರ್ಷ ವರ್ಷ ಈ ಸ್ಕ್ಯಾನ್ ಬೇಕಿಲ್ಲ. ಮಾತ್ರೆ ಬಿಡಬೇಡಿ, ಬಿಪಿ, ಕೊಲೆಸ್ಟರಾಲ್ ನೋಡಿಸುತ್ತಿರಿ.

ಮೊದಲ ಪ್ರಶ್ನೆ ಕೇಳಿದವರು:
ಧನ್ಯವಾದ ಮೇಡಂ. ಇನ್ನೊಂದು ವಿಷಯ. ಮೆಣಸು ಒಕ್ಕುವಾಗ ಧೂಳಿಗೆ ಅಪ್ಪನಿಗೆ ವೀಜಿಂಗ್ ಬರುತ್ತದೆ. ಆಗಾಗ ಪಫ್ ಎಳೆಯುತ್ತಾರೆ. ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ.

ಉತ್ತರ:
ಇವತ್ತೇ ಆ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಆಸ್ತಮಾ ಇದ್ದವರಿಗೆ ಅಡೆನೋಸಿನ್ ಕೊಟ್ಟರೆ ಶ್ವಾಸನಾಳ ಬಿಗಿದುಕೊಳ್ಳಬಹುದು. ಡೆರಿಫಿಲಿನ್ ಥರದ ಉಬ್ಬಸದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕೆಫೀನ್ ಹಾಗೆ ಅದೂ ಟೆಸ್ಟ್ ಕೆಡಿಸುತ್ತದೆ. ಆದರೆ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಅಡೆನೋಸಿನ್ ಬದಲು ಹೃದಯ ಜೋರಾಗಿ ಬಡಿಯುವಂತೆ ಮಾಡುವ ಡೊಬುಟಮೈನ್ ಔಷಧಿ ಕೊಟ್ಟು ಇದೇ ಸ್ಕ್ಯಾನ್ ಮಾಡಬಹುದು. ಡೊಬುಟಮೈನ್ ಕೊಟ್ಟು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡುವ ದಾರಿಯೂ ಇದೆ, ಅದರಲ್ಲಿ ವಿಕಿರಣವೇ ಇಲ್ಲ. ಅಪ್ಪನಿಗೆ ಯಾವುದು ಸರಿ ಅಂತ ಅವರು ನೋಡಿ ಹೇಳಲಿ. ಟೆಸ್ಟಿನ ದಿನ ಬದಲಾದರೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೂ ತಿಳಿಸಿ. ಅಪ್ಪನ ಹೆಸರಿಗೆ ಆ ಬೆಳಿಗ್ಗೆ ತಯಾರಿಸಿದ ಡೋಸ್ ಮರುದಿನಕ್ಕೆ ಇಡಲು ಬರುವುದಿಲ್ಲ.