ಕಲಬುರಗಿ ಬಿಸಿಲಿಗೆ ಯಾವ ಹೆಲ್ಮೆಟ್? ಸಹಾಯ ಬೇಕು

ನಮಸ್ಕಾರ ಎಲ್ಲರಿಗೂ. ನಾನಿರುವುದು ಕಲಬುರಗಿಯಲ್ಲಿ. ಏಪ್ರಿಲ್, ಮೇ ಬಂತೆಂದರೆ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಅಂಥದ್ದರಲ್ಲಿ ಮಧ್ಯಾಹ್ನ ದಿನಾ ಅರ್ಧ ಗಂಟೆ ಸ್ಕೂಟರ್ ಓಡಿಸಬೇಕು. ಈಗಿರುವುದು ಕಪ್ಪು ಬಣ್ಣದ ಫುಲ್ ಫೇಸ್ ಹೆಲ್ಮೆಟ್. ಸಿಗ್ನಲ್‌ನಲ್ಲಿ ನಿಂತರೆ ಸಾಕು, ಬೆವರು ಕಣ್ಣಿಗೇ ಇಳಿಯುತ್ತದೆ. ಅರ್ಧ ಹೆಲ್ಮೆಟ್ ಹಾಕು ಅಂತ ಗೆಳೆಯರು ಹೇಳುತ್ತಾರೆ, ಆದರೆ ಬಿದ್ದರೆ ಗದ್ದಕ್ಕೆ ರಕ್ಷಣೆಯೇ ಇರಲ್ಲ ಅಲ್ವಾ? ಐಎಸ್‌ಐ ಗುರುತು ಇರಲೇಬೇಕು. ಬಿಳಿ ಬಣ್ಣ, ಮುಂದೆ ಹಿಂದೆ ಗಾಳಿ ಆಡುವ ತೂತು, ಬಿಚ್ಚಿ ತೊಳೆಯಲು ಬರುವ ಒಳಪದರ, ಇಷ್ಟಿದ್ದರೆ ಸಾಕು. ಸ್ಕೂಟರ್ ವೇಗದಲ್ಲಿ ಆ ತೂತುಗಳಿಂದ ನಿಜಕ್ಕೂ ಗಾಳಿ ಬರುತ್ತದಾ, ಇಲ್ಲಾ ಸುಮ್ನೆ ಶೋಕಿಗಾ? ಗದ್ದದ ಭಾಗ ಮೇಲೆತ್ತಲು ಬರುವ ಫ್ಲಿಪ್ ಅಪ್ ಹೆಲ್ಮೆಟ್ ತೂಕ ಜಾಸ್ತಿ ಆಗಿ ಕುತ್ತಿಗೆ ನೋಯುತ್ತದಾ? ರಾಯಚೂರು, ಬಳ್ಳಾರಿ ಕಡೆಯವರು ಏನು ಹಾಕುತ್ತೀರಿ ಹೇಳಿ. ಬಜೆಟ್ 2,500 ರೂಪಾಯಿ ಒಳಗೆ.